ಕಂಪ್ರೆಸರಿಗೆ ಚನ್ನಪಟ್ಟಣದ ಬುಶ್ಶು

ನಮ್ಮ ಸೋದರಮಾವನ ಪ್ರಕಾರ ಈ ಪ್ರಪಂಚದಲ್ಲಿ ಕೆಟ್ಟುಹೋದ ಸಾಮಾನು ಎಂಬುದೇ ಇಲ್ಲ! ‘ಒಸಿ ಕೆಲ್ಸ ಇರೋ’ ಸಾಮಾನುಗಳು ಮಾತ್ರ ಇವೆ. ‘ಒಸಿ’ ಅಂದರೆ ‘ಸ್ವಲ್ಪ’ ಎಂದು ನೀವು ತಿಳಿದಿದ್ದರೆ ಅದು ನಿಮ್ಮ ತಪ್ಪಲ್ಲ, ನಮ್ಮ ಮಾವನ ಪರಿಚಯ ನಿಮಗಿಲ್ಲ ಅಷ್ಟೆ. ಅವರ ಬಾಯಲ್ಲಿ ಅದೊಂದು ಅಳತೆ. ಒಸಿ ಉಪ್ಪು ಅಂದರೆ ಒಂದು ಚಿಟಿಕೆ. ಒಸಿ ದೂರ ಅಂದರೆ ಮೂರು ಮೈಲಿ. ಇನ್ನು ‘ಒಸಿ ಕೆಲ್ಸ ಐತೆ’ ಅಂದರೆ ಆ ವಸ್ತು ಸತ್ತು, ಅದರ ತಿಥಿಯೂ ಮುಗಿದು, ನೆಂಟರೆಲ್ಲ ಊರಿಗೆ ಹೋಗಿಯಾಗಿದೆ ಎಂದರ್ಥ.

ದೊಡ್ಡಮಳೂರಿನ ಅವರ ಮನೆಗೆ ರಜೆಗೆ ಹೋಗುತ್ತಿದ್ದ ದಿನಗಳಿಂದ ನಾನು ಇದನ್ನು ನೋಡಿಕೊಂಡೇ ಬೆಳೆದವಳು. ಅವರು ರಿಪೇರಿ ಮಾಡಿದ ಮಿಕ್ಸಿಯಲ್ಲಿ ಅತ್ತೆ ಚಟ್ನಿ ರುಬ್ಬಿದರೆ ಎದುರುಮನೆಯ ಟಿವಿಯಲ್ಲಿ ಗೆರೆ ಬರುತ್ತಿತ್ತು. ಎದುರುಮನೆಯವರು ಅಲ್ಲಿಂದಲೇ ಕೂಗುತ್ತಿದ್ದರು: ‘ಅಕ್ಕಾ, ಒಂದೈದು ನಿಮಿಷ ತಡ್ಕೊಳಿ, ನ್ಯೂಸ್ ಮುಗೀಲಿ!’ ಗೋಡೆ ಗಡಿಯಾರವನ್ನು ಬಿಚ್ಚಿ ಜೋಡಿಸಿದಾಗ ಎರಡು ಸ್ಕ್ರೂ ಮಿಕ್ಕಿದ್ದವು. ನಾನು ಅವನ್ನು ಎತ್ತಿ ತೋರಿಸಿದರೆ ಮಾವ ಒಂದಿಷ್ಟೂ ಅಳುಕದೆ, ‘ಕಂಪ್ನಿಯೋರು ಜಾಸ್ತಿ ಹಾಕ್ಬುಟ್ಟಿದ್ರು ಕಣವ್ವ, ತೆಗುದ್ಬುಟ್ಟೆ’ ಅಂದರು. ಗಡಿಯಾರ ಆಮೇಲೂ ನಡೆಯಿತು. ಯಾವ ದಿಕ್ಕಿಗೆ ಎಂದು ಮಾತ್ರ ಕೇಳಬೇಡಿ.

ಅಂಥ ಮಾವ ಕೆಲವು ವರ್ಷಗಳ ಹಿಂದೆ ಒಂದು ಹಳೆಯ ಬಿಳಿ ಕಾರು ಕೊಂಡರು. ಅದು ಆಗಲೇ ಇಬ್ಬರು ಯಜಮಾನರ ಕೈ ದಾಟಿತ್ತು. ಮಾರಿದವನು, ‘ಎ.ಸಿ.ನೂ ಐತೆ ಗೌಡ್ರೆ, ಒಸಿ ಕೆಲ್ಸ ಐತೆ ಅಷ್ಟೆ’ ಅಂದನಂತೆ. ತಮ್ಮದೇ ಭಾಷೆ ಆಡುವ ಮನುಷ್ಯ ಸಿಕ್ಕಿದ್ದಕ್ಕೆ ಮಾವ ಅಲ್ಲೇ ಸೋತುಹೋದರು.

ಹಿಪ್ಪುನೇರಳೆ, ರೇಷ್ಮೆ ಹುಳ, ನಾಲ್ಕು ತೆಂಗಿನಮರ ಎಂದು ತೋಟದಲ್ಲೇ ಇರುವ ಮನುಷ್ಯನಿಗೆ ಕಾರು ಯಾಕೆ ಅಂತೀರಾ? ಅಕ್ಕನಿಗಾಗಿ! ಅವರ ಅಕ್ಕ ಅಂದರೆ ನಮ್ಮಮ್ಮ. ನಮ್ಮ ಕಡೆ ಗೌರಿ ಹಬ್ಬಕ್ಕೆ ಹೆಣ್ಣುಮಕ್ಕಳು ತವರಿಗೆ ಬರಬೇಕು. ಅದೂ ತಾವಾಗಿ ಬರುವುದಲ್ಲ, ಅಣ್ಣನೋ ತಮ್ಮನೋ ಹೋಗಿ ಕರೆತರಬೇಕು. ಹಬ್ಬ ಮುಗಿದ ಮೇಲೆ ಮಡಿಲಕ್ಕಿ ತುಂಬಿ, ಮತ್ತೆ ತಾವೇ ಬಿಟ್ಟುಬರಬೇಕು. ಅಮ್ಮ ಮದುವೆಯಾಗಿ ಕನಕಪುರಕ್ಕೆ ಹೋದ ವರ್ಷದಿಂದ ಮಾವ ಒಂದೇ ಒಂದು ಹಬ್ಬ ತಪ್ಪಿಸಿದವರಲ್ಲ. ಮೊದಮೊದಲು ಬಸ್ಸು. ಆಮೇಲೆ ಸ್ಕೂಟರು. ಮುಂದೆ ಮಾವ, ಹಿಂದೆ ಅಮ್ಮ, ಇಬ್ಬರ ನಡುವೆ ಉಸಿರುಕಟ್ಟಿಕೊಂಡು ನಾನು! ಸಾತನೂರಿನ ಹತ್ತಿರ ಇಳಿದು ಸೌತೆಕಾಯಿ ತಿನ್ನುತ್ತಿದ್ದೆವು. ಆ ಸೌತೆಕಾಯಿಗೆ ಮೆತ್ತುತ್ತಿದ್ದ ಖಾರದಪುಡಿಯ ರುಚಿ ಈಗ ಯಾವ ಊಟದಲ್ಲೂ ಸಿಗುತ್ತಿಲ್ಲ.

ಕಾರು ಬಂತು, ಅದರ ಜೊತೆಗೇ ಅಮ್ಮನ ತಲೆಸುತ್ತೂ ಬಂತು. ಬಸ್ಸಿನಲ್ಲಿ, ಸ್ಕೂಟರಿನಲ್ಲಿ ಇಲ್ಲದ ಕಾಯಿಲೆ ಕಾರಿನಲ್ಲಿ! ಇದ್ದಕ್ಕಿದ್ದಂತೆ ಕಿಟಕಿ ಇಳಿಸಿ, ಮುಖ ಆಚೆ ಹಾಕಿ, ಬಾಯಿಗೆ ಸೆರಗು ಒತ್ತಿಕೊಂಡು ಕೂತುಬಿಡುತ್ತಿದ್ದಳು. ಮಾವ ಗಾಬರಿಯಾಗಿ, ‘ಏನಕ್ಕ, ವಾಂತಿ ಬತ್ತದಾ?’ ಎನ್ನುತ್ತಿದ್ದರು. ಅಮ್ಮ ಹಾಗೇ ಕೈ ಆಡಿಸಿ, ‘ನೀನು ರಸ್ತೆ ನೋಡ್ಕಂಡು ಓಡ್ಸು’ ಎನ್ನುತ್ತಿದ್ದಳು. ಹಿಂದಿನ ಸೀಟಿನಿಂದ ನಿಂಬೆಹಣ್ಣು ಕೊಡುವುದು ನನ್ನ ಡ್ಯೂಟಿ.

ಹೀಗೆ ಮೂರ್ನಾಲ್ಕು ವರ್ಷ ನಡೆಯಿತು. ಆಮೇಲಿನ ವರ್ಷ ಕನಕಪುರದ ನಮ್ಮ ಮನೆಯ ಮುಂದೆ ಇಳಿದವಳೇ ಅಮ್ಮ, ‘ಬರೋ ವರ್ಷದಿಂದ ನಾನು ಬರಕ್ಕಿಲ್ಲ ಕಣ್ಲಾ. ನನ್ ಕೈಲಾಗಲ್ಲ. ಬಾಗಿನ ಇಲ್ಲಿಗೇ ತಂದ್ಕೊಟ್ಬುಡು’ ಎಂದು ಹೇಳಿ ಸರಸರನೆ ಒಳಗೆ ಹೋದಳು. ಮಾವ ಬಾಗಿಲಲ್ಲೇ ನಿಂತಿದ್ದರು. ನಮ್ಮ ಮನೆಯಲ್ಲಿ ಎರಡು ಲೋಟ ಕಾಫಿ ಕುಡಿಯದೆ ಕದಲದ ಮನುಷ್ಯ ಆವತ್ತು ನೀರೂ ಕುಡಿಯದೆ ಹೊರಟುಹೋದರು.

ಮುಂದಿನ ಭಾನುವಾರ ನಾನು ದೊಡ್ಡಮಳೂರಿಗೆ ಹೋದೆ. ಮಾವ ಹುಳದ ಮನೆಯಲ್ಲಿ ಸೊಪ್ಪು ಹಾಕುತ್ತಾ, ನನ್ನ ಮುಖ ನೋಡದೆ ತೀರ್ಪು ಕೊಟ್ಟರು: ‘ನಮ್ಮಕ್ಕಂಗೆ ಆಗ್ದೇ ಇರೋದು ತವ್ರಲ್ಲ ಕಣವ್ವ. ಸೆಖೆ, ಪೆಟ್ರೋಲ್ ವಾಸ್ನೆ. ಗ್ಲಾಸೆಲ್ಲ ಏರ್ಸಿ ಎ.ಸಿ. ಹಾಕ್ಬುಟ್ರೆ ಮಲ್ಗಿರೋ ಮಗು ಅಲ್ಲಾಡ್ದಂಗೆ ಕರ್ಕಂಬತ್ತೀನಿ.’

ನಮ್ಮಮ್ಮ ತವರಿಗೆ ಬರುವುದು ಬಿಡುವುದು ಹೀಗೆ ಎ.ಸಿ.ಯ ಒಂದು ಕಂಪ್ರೆಸರಿನ ಮೇಲೆ ನಿಂತಿತು.

ಬೇಸಿಗೆ ಶುರುವಾದಾಗ ಮಾವ ಅದುವರೆಗೆ ಯಾರಿಗೂ ಮುಟ್ಟಲು ಬಿಡದ ಎ.ಸಿ. ಗುಂಡಿಯನ್ನು ಒತ್ತಿದರು. ಅಬ್ಬಾ! ಬಾನೆಟ್ಟಿನೊಳಗೆ ರಾಗಿ ಮಿಲ್ಲು ಶುರುವಾಯಿತು. ಗಡಗಡ ಗಡಗಡ ಎಂದು ಕಾರೆಲ್ಲ ಅದುರಿತು, ಬೆಲ್ಟು ಕಿರುಚಿತು, ಅತ್ತೆ ದೇವರ ಕೋಣೆಯಿಂದ ಓಡಿಬಂದರು. ತಂಪು? ಒಂದು ಉಸಿರಿನಷ್ಟು ಬಂದು ನಿಂತುಹೋಯಿತು.

ಹೈವೇ ಪಕ್ಕದ ಒಂದು ಗ್ಯಾರೇಜಿಗೆ ಹೋದೆವು. ಮೇಸ್ತ್ರಿ ಬಾನೆಟ್ ಎತ್ತಿ, ಟಾರ್ಚ್ ಬಿಟ್ಟು ನೋಡಿ, ‘ಮೌಂಟಿಂಗ್ ಹೋಗೈತೆ ಯಜಮಾನ್ರೆ’ ಅಂದ.

ಇಲ್ಲಿ ನಿಮಗೊಂದು ಮಾತು ಹೇಳಬೇಕು. ರೇಷ್ಮೆ ಇಲಾಖೆಯವರು ನಮ್ಮ ರೈತರ ಕಿವಿಗೆ ತುಂಬಿರುವ ಇಂಗ್ಲಿಷ್ ಪದಗಳಲ್ಲಿ ಈ ‘ಮೌಂಟಿಂಗ್’ ಒಂದು. ಹಣ್ಣಾದ ಹುಳಗಳನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಯ ಮೇಲೆ ಬಿಡುವುದಕ್ಕೆ ಹಾಗೆನ್ನುತ್ತಾರೆ. ಮಾವನಿಗೆ ಆ ಪದಕ್ಕೆ ಬೇರೆ ಅರ್ಥವೇ ಗೊತ್ತಿಲ್ಲ.

‘ಮೌಂಟಿಂಗಾ? ಇನ್ನೂ ಎಲ್ಲಪ್ಪ! ನಮ್ ಹುಳ ಈಗ ನಾಲ್ಕನೇ ಜ್ವರದಲ್ಲವೆ’ ಅಂದರು ಮಾವ.

ಮೇಸ್ತ್ರಿ ಮಾವನ ಹಣೆಯನ್ನೇ ನೋಡಿದ. ‘ಜ್ವರ ಯಾರ್ಗೆ?’

‘ಹುಳಕ್ಕೆ ಕಣಪ್ಪ. ಜ್ವರ ಎದ್ದು ಎಂಟು ದಿನ ಸೊಪ್ಪು ತಿನ್ಬೇಕು. ಆಮೇಲ್ ತಾನೆ ಮೌಂಟಿಂಗು!’

ಮೇಸ್ತ್ರಿ ನನ್ನ ಕಡೆ ತಿರುಗಿ ಮೆಲ್ಲಗೆ, ‘ಮೇಡಂ, ಇವ್ರುನ್ನ ಮೊದ್ಲು ಮನೆಗ್ ಕರ್ಕಂಡೋಗಿ’ ಅಂದ. ನಾನು ನಗು ತಡೆದುಕೊಂಡು ನಡುವೆ ಬಂದು, ಹುಳ ಪೊರೆ ಬಿಡುವುದಕ್ಕೇ ಜ್ವರ ಎನ್ನುತ್ತಾರೆ ಎಂದು ಮೇಸ್ತ್ರಿಗೂ, ಕಾರಿನ ಮೌಂಟಿಂಗೇ ಬೇರೆ ಎಂದು ಮಾವನಿಗೂ ಬಿಡಿಸಿ ಹೇಳಬೇಕಾಯಿತು. ವಿಷಯ ಇಷ್ಟೆ: ಕಂಪ್ರೆಸರನ್ನು ಎಂಜಿನ್ನಿಗೆ ಬಿಗಿದು ಹಿಡಿಯುವ ಒಂದು ಬ್ರಾಕೆಟ್ ಇದೆ. ಅದರಲ್ಲಿ ಬೋಲ್ಟು ತೂರಿಸುವ ನಾಲ್ಕು ಕಿವಿಗಳು. ಒಂದು ಕಿವಿ ಬಿರುಕುಬಿಟ್ಟಿತ್ತು, ಅದರ ಬೋಲ್ಟು ಯಾವ ಹಳ್ಳದ ಪಾಲಾಗಿತ್ತೋ ಗೊತ್ತಿಲ್ಲ. ಮಿಕ್ಕ ಮೂರರ ತೂತುಗಳು ಸವೆದು ಅಗಲವಾಗಿ ಕಂಪ್ರೆಸರ್ ಕುಣಿಯುತ್ತಿತ್ತು. ಮೇಸ್ತ್ರಿ ಬಾನೆಟ್ ಮುಚ್ಚಿ, ‘ಇದ್ಕೆಲ್ಲ ಈಗ ಪಾರ್ಟ್ ಸಿಗಕ್ಕಿಲ್ಲ. ಗುಜರಿಗೆ ಹಾಕ್ಬುಡಿ’ ಅಂದ.

ಗುಜರಿ! ಮಾವನ ಮುಂದೆ ಆಡಬಾರದ ಮಾತು ಅದೊಂದೇ. ‘ನಿನ್ ಅಂಗ್ಡಿ ಹಾಕ್ಲಾ ಗುಜರಿಗೆ’ ಎಂದು ಕಾರು ತಿರುಗಿಸಿಯೇಬಿಟ್ಟರು.

ಅಲ್ಲಿಂದ ಶುರುವಾಯಿತು ನೋಡಿ. ಮನೆಯ ಮುಂದಿನ ಹೊಂಗೆ ಮರದ ಕೆಳಗೆ ಕಾರು ನಿಲ್ಲಿಸಿ ಬ್ರಾಕೆಟ್ ಬಿಚ್ಚಿದರು. ಕಂಪ್ರೆಸರಿನ ಪೈಪು ಬಿಚ್ಚಿದರೆ ಗ್ಯಾಸ್ ಹೋಗುತ್ತದೆ ಎಂಬ ಬುದ್ಧಿ ದೇವರ ದಯೆಯಿಂದ ಅವರಿಗಿತ್ತು. ಹಾಗಾಗಿ ಪೈಪಿನ ಸಮೇತ ಅದನ್ನು ಎಲ್ಲಿಗಾದರೂ ತೂಗುಹಾಕಬೇಕಲ್ಲ? ಅತ್ತೆಯ ಹಳೇ ಹತ್ತಿ ಸೀರೆ ಹರಿದು, ಎತ್ತಿ ನಿಲ್ಲಿಸಿದ ಬಾನೆಟ್ಟಿಗೆ ಜೋಲಿ ಕಟ್ಟಿ, ಅದರಲ್ಲಿ ಕಂಪ್ರೆಸರನ್ನು ಮಲಗಿಸಿದರು. ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿ, ‘ನನ್ ಎರಡ್ ಮಕ್ಳುಗೂ ಒಂದಿನ ಜೋಲಿ ಕಟ್ದೋನಲ್ಲ ಈವಪ್ಪ. ನೋಡವ್ವ ನಿಮ್ಮಾವನ್ ಚೆಂದವ!’ ಅಂದರು.

ದೊಡ್ಡಮಳೂರಿನ ದೇವಸ್ಥಾನದಲ್ಲಿ ಅಂಬೆಗಾಲಿನ ಕೃಷ್ಣ ಇದ್ದಾನಲ್ಲ, ಮಕ್ಕಳಾಗಲಿ ಎಂದು ಹರಕೆ ಹೊತ್ತವರು ಎಲ್ಲೆಲ್ಲಿಂದಲೋ ಬಂದು ತೊಟ್ಟಿಲು ಒಪ್ಪಿಸುತ್ತಾರೆ. ಹಾಗೆ ಬಂದ ಒಂದು ಜೋಡಿ ದಾರಿಯಲ್ಲಿ ನಮ್ಮ ಜೋಲಿ ಕಂಡು ನಿಂತಿತು. ಆ ಹೆಣ್ಣುಮಗಳು ಭಕ್ತಿಯಿಂದ ಇಣುಕಿ ನೋಡಿದಳು. ಒಳಗೆ ಗ್ರೀಸು ಮೆತ್ತಿಕೊಂಡ ಕಂಪ್ರೆಸರ್! ಏನು ತಿಳಿದಳೋ, ಆದರೂ ಒಂದು ಸಲ ಕೈಮುಗಿದೇ ಮುಂದೆ ಹೋದಳು. ಮಾವನೂ ಸಾವಧಾನವಾಗಿ, ‘ಒಳ್ಳೇದಾಗ್ಲಿ ಹೋಗಿ ಬನ್ನಿ ತಾಯಿ’ ಎಂದು ಕಳಿಸಿಕೊಟ್ಟರು.

ಮೊದಲ ರಿಪೇರಿ ತೆಂಗಿನ ನಾರಿನ ಹುರಿ ಮತ್ತು ಸೈಕಲ್ ಟ್ಯೂಬಿನದು. ಅದು ಚನ್ನಪಟ್ಟಣದ ಬಸ್ ಸ್ಟ್ಯಾಂಡಿನವರೆಗೆ ಬಾಳಿತು. ಎರಡನೆಯದು ಹಳೇ ಚಪ್ಪಲಿಯ ಅಟ್ಟೆಯದು. ಅದು ಬಸ್ ಸ್ಟ್ಯಾಂಡನ್ನೂ ಮುಟ್ಟಲಿಲ್ಲ. ಆಗ ಮಾವನಿಗೆ ನೆನಪಾದದ್ದು ಜಬ್ಬಾರ್ ಸಾಬರು.

ಜಬ್ಬಾರ್ ಸಾಬರು ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರು. ಮಾವನೂ ಅವರೂ ಮಿಡ್ಲ್ ಸ್ಕೂಲಿನಲ್ಲಿ ಒಂದೇ ಬೆಂಚು. ಹಾಲೆ ಮರದ ತುಂಡನ್ನು ಲೇತಿಗೆ ಕೊಟ್ಟು ತಿರುಗಿಸಿ ಅವರು ಬುಗುರಿ, ಗಿಲಕಿ ಮಾಡುವುದನ್ನು ನೋಡುತ್ತಾ ನಾನು ಚಿಕ್ಕಂದಿನಲ್ಲಿ ಎಷ್ಟು ಮಧ್ಯಾಹ್ನ ಕಳೆದಿದ್ದೇನೋ! ಆ ಅಂಗಡಿಯ ವಾಸನೆಯೇ ಬೇರೆ. ಹಸಿಮರದ ಹೊಟ್ಟು, ಬಿಸಿ ಅರಗು, ಸಾಬರ ಏಲಕ್ಕಿ ಚಹಾ.

ಮಾವ ವಿಷಯ ಹೇಳಿದರು. ಬೋಲ್ಟಿಗೂ ಸವೆದ ತೂತಿಗೂ ನಡುವೆ ಸಂದು ಬಿದ್ದಿದೆ, ಆ ಸಂದಿಗೆ ಬಳೆಯಂಥ ಮರದ ಬುಶ್ಶು ಕೂರಿಸಿಬಿಟ್ಟರೆ ಕುಣಿತ ನಿಲ್ಲುತ್ತದೆ ಎಂದರು. ಸಾಬರು ಕನ್ನಡಕದ ಮೇಲಿಂದ ನೋಡಿದರು.

‘ಲೇ ಗೌಡ, ಇಷ್ಟು ವರ್ಷದಲ್ಲಿ ಕಾರಿಗೆ ಗೊಂಬೆ ಮಾಡ್ಕೊಡು ಅಂತ ಕೇಳ್ದೋನು ನೀನೇ ಫಸ್ಟು.’

‘ಗೊಂಬೆ ಅಲ್ಲ ಕಣ್ಲಾ, ಬುಶ್ಶು.’

‘ನನ್ ಲೇತಿಂದ ಬಂದಿದ್ದೆಲ್ಲಾ ಗೊಂಬೇನೇ.’

ಅಳತೆ ತೆಗೆದರು. ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಿಲ್ಲದೆ ನಾಲ್ಕು ಬುಶ್ಶು ತಿರುಗಿಸಿದರು. ಮಾವ ಕೈ ಚಾಚಿದರು. ಸಾಬರು ಕೊಡಲಿಲ್ಲ. ಕೆಂಪು ಅರಗಿನ ಕಡ್ಡಿ ಎತ್ತಿಕೊಂಡರು!

‘ಬಣ್ಣ ಯಾಕ್ಲಾ? ಬಾನೆಟ್ ಒಳೀಕೆ ಯಾವನು ನೋಡ್ತಾನೆ?’

‘ಬಣ್ಣ ಇಲ್ದೆ ಬರೀ ಮೈಯಲ್ಲಿ ಒಂದು ಸಾಮಾನೂ ಈ ಅಂಗ್ಡಿ ಬಾಗ್ಲು ದಾಟಿಲ್ಲ. ನಿನ್ ಡಬ್ಬಾ ಕಾರಿಗೋಸ್ಕರ ನಾನು ಮರ್ಯಾದೆ ಕಳ್ಕೋಬೇಕಾ?’

ಗಿರಗಿರನೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೇದಗೆ ಎಲೆಯಲ್ಲಿ ತೀಡಿದರೆ ಹೊಳೆಯುತ್ತದೆ. ಬಿಸಿಗೆ ಕರಗುತ್ತದೆ! ದಯವಿಟ್ಟು ಈ ಮಾತನ್ನು ನೀವು ನೆನಪಿಟ್ಟುಕೊಳ್ಳಿ. ಅಲ್ಲಿದ್ದ ಇಬ್ಬರು ಹಿರಿಯರೂ ನೆನಪಿಟ್ಟುಕೊಳ್ಳಲಿಲ್ಲ. ನಾನೂ ಇಟ್ಟುಕೊಳ್ಳಲಿಲ್ಲ, ನಾನು ಬಿ.ಎಸ್ಸಿ., ಬಿ.ಎಡ್.

ಕೆಂಪು ಮೈಗೆ ಹಳದಿ ಗೆರೆಯ ನಾಲ್ಕು ಬುಶ್ಶುಗಳು. ಎಷ್ಟು ಮುದ್ದಾಗಿದ್ದವೆಂದರೆ ಎಂಜಿನ್ನಿಗೆ ಹಾಕಲು ಮನಸ್ಸೇ ಬರುವಂತಿರಲಿಲ್ಲ. ಬಿರುಕುಬಿಟ್ಟ ಕಿವಿಗೆ ಮಾವ ಎಂಥದೋ ಅಂಟು ಮೆತ್ತಿ, ಬುಶ್ಶು ಕೂರಿಸಿ, ಬೋಲ್ಟು ಬಿಗಿದರು. ಎ.ಸಿ. ಹಾಕಿದರೆ ಸದ್ದೇ ಇಲ್ಲ! ತಣ್ಣನೆಯ ಗಾಳಿ! ಮಾವ ಕಾರಿಗೇ ಒಂದು ನಮಸ್ಕಾರ ಹಾಕಿ, ‘ಕಬ್ಬಾಳಮ್ಮಂಗೆ ಹಣ್ಣುಕಾಯಿ ಮಾಡ್ಸನ, ಹತ್ತಿ’ ಅಂದರು. ನಾನು, ಅತ್ತೆ ಹತ್ತಿದೆವು.

ಅರ್ಧ ದಾರಿ ಸ್ವರ್ಗ. ಆಮೇಲೆ ಅತ್ತೆ ಮೂಗು ಅರಳಿಸಿ, ‘ಜಬ್ಬಾರಣ್ಣನ್ ಅಂಗ್ಡಿ ವಾಸ್ನೆ ಬತ್ತಾ ಐತಲ್ಲ?’ ಅಂದರು. ಮಾವ, ‘ಹೊಸಾ ಬುಶ್ಶು, ಒಸಿ ವಾಸ್ನೆ ಇರ್ತದೆ’ ಅಂದರು. ಕಬ್ಬಾಳಿನಲ್ಲಿ ಅಮ್ಮನವರ ಗುಡಿಯ ಹತ್ತಿರ ಕಾರು ನಿಲ್ಲಿಸಿ ಅವರು ಹಣ್ಣುಕಾಯಿ ತರಲು ಹೋದರು. ನಾವಿಬ್ಬರೂ ಇಳಿಯುವಷ್ಟರಲ್ಲಿ ಪಕ್ಕದಲ್ಲಿ ಹೂ ಮಾರುತ್ತಿದ್ದ ಹೆಂಗಸು ಕಿಟಾರನೆ ಕಿರುಚಿದಳು.

‘ಅಯ್ಯೋ ನಮ್ಮವ್ವಾ! ಏನೋ ಗುದ್ಕಂಡು ಬಂದವ್ರೆ! ರಕ್ತ!’

ನೋಡಿದರೆ ಕಾರಿನ ಕೆಳಗೆ ನೆಲದ ಮೇಲೆ ಕೆಂಪು ಹನಿಗಳು. ಇನ್ನೂ ತೊಟ್ಟಿಕ್ಕುತ್ತಿದ್ದವು. ಕ್ಷಣದಲ್ಲಿ ಜನ ಸೇರಿತು. ಒಬ್ಬರು ಕೋಳಿ ಎಂದರು, ಒಬ್ಬರು ನಾಯಿ ಎಂದರು, ಒಬ್ಬ ಯಜಮಾನರು ನೆಲಕ್ಕೆ ಕೂತು ಕಾರಿನಡಿ ತಲೆಹಾಕಿ ಹುಡುಕತೊಡಗಿದರು. ಅತ್ತೆ ಎಲ್ಲರ ಮುಂದೆ ನಿಂತು ಧೈರ್ಯವಾಗಿ, ‘ರಕ್ತ ಅಲ್ಲ ಕಣ್ರವ್ವ, ಗೊಂಬೆ ಬಣ್ಣ’ ಅಂದರು.

‘ಕಾರೊಳ್ಗೆ ಗೊಂಬೆ ಬಣ್ಣ ಎಲ್ಲಿಂದ ಬಂತವ್ವ?’

ಇದಕ್ಕೆ ಏನೆಂದು ಉತ್ತರ ಹೇಳುತ್ತೀರಿ? ಮಾವ ತೆಂಗಿನಕಾಯಿ ಹಿಡಿದು ಬರುವಷ್ಟರಲ್ಲಿ ಯಾರೋ ಪುಣ್ಯಾತ್ಮರು ದೃಷ್ಟಿ ಎಂದು ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಾಗಿತ್ತು. ಎಂಜಿನ್ ತಣ್ಣಗಾಗುತ್ತಿದ್ದ ಹಾಗೆ ಕರಗಿದ ಅರಗು ಬೋಲ್ಟಿನ ಸುತ್ತ ಕಲ್ಲಿನಂತೆ ಹೆಪ್ಪುಗಟ್ಟಿತು. ವಾಪಸು ಬರುವಾಗ ಎ.ಸಿ. ಹಾಕಲು ಅತ್ತೆ ಬಿಡಲಿಲ್ಲ. ಮುಂದಿನ ವಾರದೊಳಗೆ ನಾಲ್ಕು ಬುಶ್ಶುಗಳೂ ಸೀಳಿಹೋದವು, ಅಂಟು ಮೆತ್ತಿದ ಕಿವಿ ಪೂರ್ತಿ ಮುರಿದು ಮಾವನ ಕೈಗೆ ಬಂತು.

ಸಾಬರ ಅಂಗಡಿಯಲ್ಲಿ ದೊಡ್ಡ ಜಗಳ.

‘ಅರಗು ಬಿಸಿಗೆ ಕರಗ್ತದೆ ಅಂತ ನಿಂಗೆ ಗೊತ್ತಿರ್ಲಿಲ್ವೇನ್ಲಾ?’

‘ಎಂಜಿನ್ ಬಿಸಿ ಆಗ್ತದೆ ಅಂತ ನಿಂಗೆ ಗೊತ್ತಿರ್ಲಿಲ್ವಾ ಗೌಡ?’

 ಆಮೇಲೆ ನಗು ತಡೆಯಲಾರದೆ ಸಾಬರು ಕೆಮ್ಮುತ್ತಾ ಕೂತರು. ಮಾವ ಮಾತ್ರ ನಗಲಿಲ್ಲ. ಹಬ್ಬಕ್ಕೆ ಹದಿನೈದು ದಿನವೂ ಉಳಿದಿರಲಿಲ್ಲ.

ನನಗೂ ಮರುಕ ಬಂದು ಫೋನಿನಲ್ಲಿ ಹೇಳಿದೆ: ‘ಮಾವ, ಸುಮ್ನೆ ಯಾಕೆ ಒದ್ದಾಡ್ತೀರಾ? ನಾನೇ ಒಂದು ಎ.ಸಿ. ಟ್ಯಾಕ್ಸಿ ಮಾಡ್ಕೊಂಡು ಅಮ್ಮನ್ನ ಒಪ್ಸಿ ಕರ್ಕೊಂಡು ಬರ್ತೀನಿ.’

ಆ ಕಡೆ ಸ್ಪ್ಯಾನರ್ ಕೆಳಗಿಟ್ಟ ಸದ್ದು ಕೇಳಿಸಿತು. 

‘ಬಾಡ್ಗೆ ಗಾಡೀಲಿ ಬಂದ್ರೆ ನೆಂಟ್ರು ಬಂದಂಗಾಯ್ತದೆ ಕಣವ್ವ’ ಅಂದರು ಮಾವ. ‘ಅಕ್ಕ ಬಂದಂಗಾಗಕ್ಕಿಲ್ಲ. ನಿಂಗೊತ್ತಾ, ನಾನು ಇಸ್ಕೂಲಿಗೆ ಹೋಗಕ್ಕಿಲ್ಲ ಅಂತ ಅತ್ರೆ ಅವ್ಳೂ ಬಂದು ನನ್ ಪಕ್ದಲ್ಲೇ ಕೂತ್ಕಳೋಳು. ನನ್ ದೆಸೆಯಿಂದ ನಿಮ್ಮವ್ವ ಒಂದ್ನೇ ಕ್ಲಾಸ ಎರಡ್ ಸಲ ಓದವ್ಳೆ. ಅವ್ಳು ಒಂದಿನ ಆಗಲ್ಲ ಅನ್ಲಿಲ್ಲ. ನಾನು ಅನ್ಲಾ?’

ಫೋನಿಟ್ಟೆ. ಅಮ್ಮ ಅಡುಗೆಮನೆಯಿಂದ, ‘ಯಾರ್ದು ಫೋನು?’ ಎಂದು ಕೇಳಿದಳು. ಯಾರದೂ ಅಲ್ಲ ಎಂದೆ.

ಬದುಕಿನಲ್ಲಿ ಮೊದಲ ಸಲ ಮಾವ ಇನ್ನೊಬ್ಬರ ಕೈಗೆ ರಿಪೇರಿ ಒಪ್ಪಿಸಿದರು. ಮುರಿದ ಬ್ರಾಕೆಟ್ಟನ್ನೂ ಅದರ ಕಿವಿಯನ್ನೂ ಟವೆಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಸಾಬರನ್ನು ಜೊತೆಗೆ ಕರೆದುಕೊಂಡು ಬಸ್ಸು ಹತ್ತಿ ರಾಮನಗರಕ್ಕೆ ಹೋದರು. ಅಲ್ಲಿ ಅಲ್ಯೂಮಿನಿಯಂ ಬೆಸೆಯುವ ವೆಲ್ಡಿಂಗ್ ಅಂಗಡಿಯೊಂದು ಸಿಕ್ಕಿತು. ‘ಬಿಟ್ಟೋಗಿ, ನಾಳೆ ಬನ್ನಿ’ ಅಂದರಂತೆ. ಇಬ್ಬರೂ ಅಲ್ಲೇ ಬಾಗಿಲಲ್ಲಿ ಕೂತರು. ಆಪರೇಷನ್ ಥಿಯೇಟರಿನ ಮುಂದೆ ಕೂರುವವರ ಹಾಗೆ ಮಧ್ಯಾಹ್ನದ ತನಕ ಕೂತು, ಕಿವಿ ಬೆಸೆಸಿ, ಸವೆದ ತೂತುಗಳನ್ನು ತುಂಬಿಸಿ ಹೊಸದಾಗಿ ಕೊರೆಸಿ, ಸರಿಯಾದ ಬೋಲ್ಟು ಹುಡುಕಿಸಿಕೊಂಡೇ ಎದ್ದರು.

ಆದರೂ ಜೋಡಿಸಿ ನೋಡಿದರೆ ಬೆಲ್ಟು ಇನ್ನೂ ಕುಯ್ಯೋ ಎನ್ನುತ್ತಿತ್ತು. ಆಗ ಜಬ್ಬಾರ್ ಸಾಬರು ಮಾವನ ಮನೆಯಿಂದಲೇ ಒಂದು ರೇಷ್ಮೆ ಎಳೆ ತರಿಸಿದರು. ಎಂಜಿನ್ನಿನ ಪುಲ್ಲಿಯಿಂದ ಕಂಪ್ರೆಸರಿನ ಪುಲ್ಲಿಗೆ ಎಳೆಯನ್ನು ಬಿಗಿಯಾಗಿ ಹಿಡಿದು, ಎರಡೂ ಗಾಲಿ ಒಂದೇ ಗೆರೆಯಲ್ಲಿವೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿ, ‘ಎರಡು ಕೂದ್ಲು ಒಳಗೈತೆ ಗೌಡ. ಒಂದು ವಾಷರ್ ಹಾಕು’ ಅಂದರು. ಹಾಕಿದರು. ಎ.ಸಿ. ಒತ್ತಿದರು. ಸದ್ದಿಲ್ಲ, ಅದುರಾಟವಿಲ್ಲ, ಕಿರುಚಾಟವಿಲ್ಲ. ಸದ್ದೇ ಬರಲಿಲ್ಲವೆಂದು ಮಾವ ಗಾಬರಿಯಾಗಿ ಇಳಿದುಹೋಗಿ ಬಾನೆಟ್ ತೆಗೆದು ನೋಡಿದರು!

ಹಬ್ಬದ ಹಿಂದಿನ ದಿನ ಕನಕಪುರದ ನಮ್ಮ ಮನೆಯ ಮುಂದೆ ಕಾರು ನಿಂತಿತು. ಮಾವ ಇಸ್ತ್ರಿ ಪಂಚೆ ಉಟ್ಟು, ಇಳಿದು ಬಂದು ಬಾಗಿಲು ತೆಗೆದು ಹಿಡಿದು, ‘ಒಂದ್ ಸಲ ಕೂತ್ ನೋಡಕ್ಕ. ಆಗ್ನಿಲ್ಲ ಅಂದ್ರೆ ಇಳ್ದೋಗು’ ಅಂದರು. ಅಮ್ಮ ತಮ್ಮನ ಮುಖವನ್ನೇ ನೋಡಿದಳು. ಅವರ ಬೆರಳುಗಳ ಮೇಲಿದ್ದ, ಬಿಸಿ ಎಂಜಿನ್ ಮುಟ್ಟಿ ಸುಟ್ಟ ಗಾಯಗಳನ್ನೂ ನೋಡಿದಳು. ಒಳಗೆ ಹೋಗಿ ಸೀರೆ ಬದಲಿಸಿ ಬಂದಳು.

ಬರುವ ದಾರಿಯುದ್ದಕ್ಕೂ ಅಮ್ಮನ ಬಾಯಿ ನಿಲ್ಲಲಿಲ್ಲ. ಅವರಿವರ ಮದುವೆ, ಯಾರ ಹಸು ಕರು ಹಾಕಿತು, ಅತ್ತೆ ಒಬ್ಬಟ್ಟಿಗೆ ಬೇಳೆ ನೆನೆಸಿದ್ದಾಳೋ ಇಲ್ಲವೋ! ಸಾತನೂರು ಬರುವಷ್ಟರಲ್ಲಿ ಚಳಿ ಎಂದು ಸೆರಗು ಹೊದ್ದಳು, ಕಬ್ಬಾಳು ಬರುವಷ್ಟರಲ್ಲಿ ನನ್ನ ವೇಲನ್ನೂ ಕಿತ್ತುಕೊಂಡು ಕಿವಿಗೆ ಸುತ್ತಿಕೊಂಡಳು. ‘ಒಸಿ ಕಮ್ಮಿ ಮಾಡ್ಲಾ, ಮೂಗು ಬಿದ್ದೋಯ್ತದೆ’ ಅಂದರೂ ಮಾವ ಕಮ್ಮಿ ಮಾಡಲಿಲ್ಲ. ಗೆದ್ದ ಸಂತೋಷದಲ್ಲಿ ಖಾಲಿ ರಸ್ತೆಯಲ್ಲಿ ಹಾರನ್ನು ಹೊಡೆದುಕೊಂಡು ಓಡಿಸಿದರು.

ಹಬ್ಬವಾಯಿತು. ಬಾಗಿನ ಕೊಟ್ಟರು, ಒಬ್ಬಟ್ಟು ತಿಂದೆವು, ಅಮ್ಮ ಮೂರು ದಿನ ಹುಡುಗಿಯ ಹಾಗೆ ಓಡಾಡಿಕೊಂಡಿದ್ದಳು. ನಾಲ್ಕನೆಯ ದಿನ ಅತ್ತೆ ಮಡಿಲಕ್ಕಿ ತುಂಬಿದರು. ಮಾವ ಗ್ಲಾಸೆಲ್ಲ ಏರಿಸಿ, ಎ.ಸಿ. ಹಾಕಿ, ಕಾರು ತಣ್ಣಗಾದ ಮೇಲೆ ಅಕ್ಕನನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು.

ಚನ್ನಪಟ್ಟಣ ದಾಟಿತು. ಅಮ್ಮ ಮಾತಾಡುತ್ತಿರಲಿಲ್ಲ. ಊರು ಹಿಂದಾದ ಮೇಲೆ ಅವಳ ಕೈ ಕಿಟಕಿಯ ಹಿಡಿಗೆ ಹೋಯಿತು.

‘ಇಳಿಸ್ಬ್ಯಾಡಕ್ಕ, ತಂಪೆಲ್ಲ ಆಚೆಗ್ ಹೋಯ್ತದೆ’ ಅಂದರು ಮಾವ.

ಅಮ್ಮ ಕೈ ತೆಗೆದಳು. ಸೆರಗು ಬಾಯಿಗೆ ಹೋಯಿತು. ಮುಖವನ್ನು ಮುಚ್ಚಿದ ಗಾಜಿಗೆ ತಿರುಗಿಸಿದಳು. ನಾನು ಅಭ್ಯಾಸಬಲದಿಂದ ನಿಂಬೆಹಣ್ಣು ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ. ಹಿಂದಿನಿಂದ ಭುಜ ಅಲುಗುವುದು ಕಾಣಿಸಿತು. ಎ.ಸಿ.ಗೆ ಸದ್ದಿರಲಿಲ್ಲವಲ್ಲ, ಹಾಗಾಗಿ ಬಿಕ್ಕುವುದು ಕೇಳಿಸಿಯೂಬಿಟ್ಟಿತು.

ಮಾವ ಬ್ರೇಕ್ ಹಾಕಿದರು. ‘ಅಕ್ಕಾ! ಇದ್ರಲ್ಲೂ ಆಗ್ನಿಲ್ವಾ? ವಾಂತಿ ಬತ್ತದಾ?’

‘ಎಂಥಾ ವಾಂತಿ ಕಣ್ಲಾ!’ ಅಂದಳು ಅಮ್ಮ. ‘ಬರುವಾಗ ಒಂದಿನಾನಾದ್ರೂ ವಾಂತಿ ಅಂದಿದ್ನಾ? ನಂಗೆ ಯಾವ ತಲೆಸುತ್ತೂ ಇಲ್ಲ. ತವ್ರು ಬಿಟ್ಟೋಗೋವಾಗ ಅಳು ಬತ್ತದೆ. ಈ ವಯಸ್ಸಲ್ಲಿ ಅಳೋದ ನೀನು ನೋಡ್ಬಾರ್ದು ಅಂತ ಕಿಟಕಿ ಆಚೀಕೆ ಮಕ ಹಾಕ್ತಿದ್ದೆ. ಸ್ಕೂಟರಲ್ಲಿ ನಿನ್ ಬೆನ್ನಿಂದೆ ಅತ್ಕಂಡೋಯ್ತಿದ್ದೆ, ನಿಂಗ್ ಗೊತ್ತಾಯ್ತಿರ್ಲಿಲ್ಲ. ವರ್ಸ ವರ್ಸ ಜಾಸ್ತಿ ಆಯ್ತಾ ಐತೆ ಕಣ್ಲಾ. ಇನ್ನೆಷ್ಟ್ ಸಲ ಬತ್ತೀನೋ ಅನ್ನುಸ್ತದೆ. ಅದ್ಕೇ ಬರೋದೇ ಬ್ಯಾಡ ಅಂದೆ. ಈಗ ನೋಡು, ಗ್ಲಾಸು ಏರ್ಸಿ ಅಳಕ್ಕೂ ಜಾಗ ಇಲ್ದಂಗ್ ಮಾಡ್ಬುಟ್ಟೆ!’

ಕನಕಪುರದ ಮನೆಯಲ್ಲಿ ಅವಳ ಜೊತೆಗೇ ಇರುವ ನನಗೆ, ಪ್ರತಿ ಸಲವೂ ಹಿಂದೆ ಕೂತು ನಿಂಬೆಹಣ್ಣು ಹಿಡಿದಿದ್ದ ನನಗೆ, ಇದು ಗೊತ್ತಾಗಿರಲಿಲ್ಲ. ಒಂದು ಸಲವೂ ಅವಳು ವಾಂತಿ ಮಾಡಿದ್ದನ್ನು ನಾನು ನೋಡಿರಲೇ ಇಲ್ಲ ಎಂಬುದು ಆಗ ಹೊಳೆಯಿತು. ನಾಚಿಕೆಯಾಯಿತು.

ಮಾವ ಎಷ್ಟೋ ತಿಂಗಳು ಒದ್ದಾಡಿ ಸರಿಮಾಡಿದ್ದ ಎ.ಸಿ.ಯ ಗುಂಡಿಯನ್ನು ತಾವೇ ಒತ್ತಿ ನಿಲ್ಲಿಸಿದರು. ಇಳಿದು, ಕಾರನ್ನು ಸುತ್ತಿಕೊಂಡು ಬಂದು, ಅಕ್ಕನ ಕಡೆಯ ಬಾಗಿಲು ತೆಗೆದು, ಹಿಡಿ ತಿರುಗಿಸಿ ಗಾಜನ್ನು ಪೂರ್ತಿ ಕೆಳಗಿಳಿಸಿದರು. ಬಾಗಿಲು ಮೆಲ್ಲಗೆ ಮುಚ್ಚಿ, ಕಿಟಕಿಯ ಮೇಲೆ ಕೈಯಿಟ್ಟು ನಿಂತರು.

‘ಬರೋ ವರ್ಸ ಬತ್ತೀಯಾ ಅಕ್ಕ?’

‘ನೀನು ಬಂದು ಕರುದ್ರೆ ಬರ್ದೇ ಇರ್ತೀನಾ? ನಡಿ, ಹೊತ್ತಾಯ್ತದೆ.’

ಕಾರು ಹೊರಟಿತು. ಬಿಸಿಗಾಳಿ, ಧೂಳು ಎಲ್ಲ ಒಳಗೆ ಬಂತು. ಅಮ್ಮ ಮುಖ ಆಚೆ ಹಾಕಿ ಹಾಯಾಗಿ ಅತ್ತಳು. ಮಾವ ನಿಧಾನವಾಗಿ, ಎತ್ತಿನಗಾಡಿಯೂ ಹಿಂದೆ ಹಾಕುವಷ್ಟು ನಿಧಾನವಾಗಿ ಓಡಿಸುತ್ತಿದ್ದರು. ಕಬ್ಬಾಳು ದಾಟಿದ ಮೇಲೆ ನೋಡುತ್ತೇನೆ, ಅವರ ಕಡೆಯ ಗಾಜೂ ಇಳಿದಿದೆ, ಅವರ ಮುಖವೂ ಆಚೆಗಿದೆ! ರಸ್ತೆ ನೋಡುತ್ತಿದ್ದವಳು ಹಿಂದಿನ ಸೀಟಿನ ನಾನೊಬ್ಬಳೇ. ನನಗೂ ಅದು ಸರಿಯಾಗಿ ಕಾಣುತ್ತಿರಲಿಲ್ಲ.